ಸಾಕ್ಷಿ ಫ್ಲಾಸ್ಕು ತಿಳಿಯಾದ ದಿನ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್ ಎಂದು ಕೇಳುತ್ತಾರೆ. ಅವರ ಹತ್ತಿರ ಇರುವ ಯಂತ್ರ ಅರೆ ನಿಮಿಷಕ್ಕೊಮ್ಮೆ ತಾನೇ ಅಳೆದು ತಾನೇ ಗೆರೆ ಎಳೆಯುತ್ತದೆ. ನಮ್ಮ ಕಾಲದಲ್ಲಿ ಆ ಯಂತ್ರ ನಾನೇ ಆಗಿದ್ದೆ. ಕಾಲು ಗಂಟೆಗೊಮ್ಮೆ ಅಳೆಯುತ್ತಿದ್ದೆ, ಬರೆಯುತ್ತಿದ್ದೆ, ನಡುವೆ ಟೀ ಕುಡಿಯುತ್ತಿದ್ದೆ. ನಾನು ಬರೆಯದೆ ಬಿಟ್ಟ ಒಂದು ಸಾಲಿನಿಂದ ನಿಂಗಮ್ಮ ಎಂಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಹೇಳಬೇಕಾದದ್ದು ಅದನ್ನೇ. ಉಳಿದದ್ದು ಅಲ್ಲಿಗೆ ಹೋಗುವ ದಾರಿ.

ನಮ್ಮದು ಪಾಂಡವಪುರ ರೈಲು ನಿಲ್ದಾಣದಿಂದ ಶ್ರೀರಂಗಪಟ್ಟಣದ ಕಡೆಗೆ ಬರುವಾಗ ನಾಲೆಯ ಪಕ್ಕ ಸಿಗುತ್ತಿದ್ದ ಸಣ್ಣ ಘಟಕ. ಹೆಸರು ಹೇಳುವುದರಿಂದ ಯಾರಿಗೂ ಉಪಯೋಗವಿಲ್ಲ. ಈಗ ಆ ಕಟ್ಟಡ ಕಲ್ಯಾಣ ಮಂಟಪವಾಗಿದೆ. ನಾವು ಬೀಜದ ಫ್ಲಾಸ್ಕುಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಮದುವೆ ಹೆಣ್ಣಿಗೆ ಅಲಂಕಾರ ಮಾಡುತ್ತಾರೆ. ತೊಂಬತ್ತರ ದಶಕದಲ್ಲಿ ಅಲ್ಲಿ ಎಳೆಗರುಗಳ ಭೇದಿಗೆ ಪ್ರಾಯೋಗಿಕವಾಗಿ ಒಂದು ಔಷಧ ತಯಾರಾಗುತ್ತಿತ್ತು. ಬ್ಯಾಕ್ಟೀರಿಯಾಗಳಿಗೆ ರೋಗ ತಂದು ಕೊಲ್ಲುವ ವೈರಸ್ಸುಗಳಿವೆ. ಅವುಗಳ ಹೆಸರು ಬ್ಯಾಕ್ಟೀರಿಯೊಫೇಜ್, ನಮ್ಮ ಬಾಯಲ್ಲಿ ಬರೀ ಫೇಜ್. ಭೇದಿ ತರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜನ್ನು ಬೆಳೆಸಿ ಕರುವಿಗೆ ಕುಡಿಸುವುದು, ಇಷ್ಟೇ ವಿಷಯ.

ಫೇಜ್ ತಾನಾಗಿ ಬೆಳೆಯುವುದಿಲ್ಲ. ಮೊದಲು ಅದಕ್ಕೆ ಊಟವಾಗುವ ಬ್ಯಾಕ್ಟೀರಿಯಾವನ್ನು ಬೆಳೆಸಬೇಕು. ಇದಕ್ಕೆಂದೇ ರೋಗ ತರದ ಒಂದು ಸಾಧು ತಳಿಯನ್ನು ಸಾಕಿಕೊಂಡಿದ್ದೆವು. ಹಿಂದಿನ ದಿನ ಫ್ಲಾಸ್ಕಿನಲ್ಲಿ ಬೆಳೆಸಿಟ್ಟ ಆ ಬ್ಯಾಕ್ಟೀರಿಯಾವನ್ನು, ಅಂದರೆ ಬೀಜವನ್ನು, ಬೆಳಿಗ್ಗೆ ಬೆಚ್ಚಗಿನ ಪೋಷಕ ರಸಕ್ಕೆ ಬೆರೆಸಿದರೆ ಎರಡು ಗಂಟೆಯಲ್ಲಿ ಅದು ಗಂಜಿಯ ತಿಳಿಯಂತೆ ಮಬ್ಬಾಗುತ್ತದೆ. ಸರಿಯಾದ ಹದಕ್ಕೆ ಮಬ್ಬಾದಾಗ ಫೇಜ್ ಸೇರಿಸಬೇಕು. ಮಬ್ಬು ಇನ್ನಷ್ಟು ಏರಿ, ನಿಂತು, ಆಮೇಲೆ ಇಳಿಯತೊಡಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ರಸ ತಿಳಿಯಾದರೆ ಬ್ಯಾಕ್ಟೀರಿಯಾಗಳೆಲ್ಲ ಒಡೆದು ಸತ್ತಿವೆ, ಫೇಜ್ ತುಂಬಿದೆ ಎಂದರ್ಥ. ಈ ಏರಿಳಿತವನ್ನು ಕಾಲು ಗಂಟೆಗೊಮ್ಮೆ ನೋಡಿ ಬರೆಯುವುದು ನನ್ನ ಉದ್ಯೋಗ. ಊರಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ನೀರು ತಿಳಿಯಾಗುವುದನ್ನು ಕಾಯುತ್ತೇನೆ ಎನ್ನುತ್ತಿದ್ದೆ. ಸರ್ಕಾರಿ ಕೆಲಸವೇ ಇರಬೇಕು ಎಂದು ಎಲ್ಲರೂ ನಂಬಿದ್ದರು.

ಇದರ ಜೊತೆಗೆ ಸಾಕ್ಷಿ ಫ್ಲಾಸ್ಕು ಎಂದೊಂದಿತ್ತು. ಅದೇ ರಸ, ಅದೇ ಬೀಜ, ಆದರೆ ಫೇಜ್ ಹಾಕುವುದಿಲ್ಲ. ಅದು ಸಂಜೆಯವರೆಗೆ ಮಬ್ಬಾಗಿಯೇ ಇರಬೇಕು. ಉಳಿದ ಫ್ಲಾಸ್ಕುಗಳು ತಿಳಿಯಾದದ್ದು ನಾವು ಹಾಕಿದ ಫೇಜಿನಿಂದಲೇ ಎನ್ನುವುದಕ್ಕೆ ಅದು ಸಾಕ್ಷಿ. ಇಡೀ ದಿನ ಏನೂ ಆಗದೆ ನಿಂತಿರುವುದೇ ಅದರ ಕರ್ತವ್ಯ. ಅದರಷ್ಟು ನಿಷ್ಠೆಯಿಂದ ಆ ಕರ್ತವ್ಯ ಮಾಡುತ್ತಿದ್ದವರು ಕಚೇರಿಯಲ್ಲಿ ಇನ್ನೂ ಕೆಲವರಿದ್ದರು.

ಮೊದಲ ಮೇಲಧಿಕಾರಿ ಡಾಕ್ಟರ್ ಶೇಷಾದ್ರಿ, ಮೇಲುಕೋಟೆಯವರು. ಅವರ ಅಜ್ಜಿ ಮಡಿಯುಟ್ಟು ಒಲೆಯ ಮುಂದೆ ಕೂತರೆ ಮನೆಯವರು ಆ ಗೆರೆ ದಾಟುವಂತಿರಲಿಲ್ಲವಂತೆ. ವಿಶ್ವವಿದ್ಯಾಲಯದಲ್ಲಿ ಹೊಸದೇನೂ ಕಲಿಯಲಿಲ್ಲ, ಅಜ್ಜಿ ಹೇಳಿದ್ದಕ್ಕೇ ಅಲ್ಲಿ ಬೇರೆ ಹೆಸರಿಟ್ಟಿದ್ದರು ಎನ್ನುತ್ತಿದ್ದರು. ಬೀಜಕೋಣೆಗೆ ಯಾರು ಕಾಲಿಟ್ಟರೂ ಮೊದಲು ಕೈ ತೊಳೆಯಬೇಕು, ಆಮೇಲೆ ಮಾತು. ಫ್ಲಾಸ್ಕಿನ ಹತ್ತಿ ಬಿರಡೆ ತೆಗೆದರೆ ಬಾಯಿಯನ್ನು ಉರಿಗೆ ಹಿಡಿದು ಮೂರು ಎಣಿಸುವುದರೊಳಗೆ ಮುಚ್ಚಬೇಕು. ಪಕ್ಕದಲ್ಲಿ ನಿಂತು ಎಣಿಸುತ್ತಿದ್ದವರು ಅವರೇ. ಅವರ ಎರಡು ಮತ್ತು ಮೂರರ ನಡುವೆ ಅಂತರ ಕಡಿಮೆ ಇತ್ತು.

ಮಬ್ಬನ್ನು ಅಳೆಯಲು ಆಗ ನಮ್ಮಲ್ಲಿ ಇದ್ದದ್ದು ದಿನಪತ್ರಿಕೆ. ಫ್ಲಾಸ್ಕಿನ ಹಿಂದೆ ಪತ್ರಿಕೆ ಹಿಡಿದು ರಸದ ಮೂಲಕ ಓದುವುದು. ಸಣ್ಣ ಅಕ್ಷರ ಅಳಿಸಿಹೋಗಿ ತಲೆಬರಹ ಮಾತ್ರ ಕಂಡರೆ ಫೇಜ್ ಹಾಕುವ ಹೊತ್ತು. ತಲೆಬರಹವೂ ಹೋದರೆ ತಡವಾಯಿತು. ಕೊನೆಯಲ್ಲಿ ಶ್ರದ್ಧಾಂಜಲಿ ಪುಟದ ಅತಿ ಸಣ್ಣ ಅಕ್ಷರ ಓದಲು ಬಂದರೆ ಕೆಲಸ ಮುಗಿದಂತೆ. ದಿವಂಗತರ ಹೆಸರು, ಊರು, ಮಕ್ಕಳ ಹೆಸರನ್ನು ಓದಿ ಹೇಳಿದ ಮೇಲೆಯೇ ಶೇಷಾದ್ರಿಯವರು ಬಾಟಲಿ ತುಂಬಿಸಲು ಒಪ್ಪುತ್ತಿದ್ದದ್ದು.

ನನ್ನ ಮೊದಲ ತಪ್ಪು ಇದರಿಂದಲೇ ಆಯಿತು. ಘಟಕಕ್ಕೆ ಸೇರುವ ಮುಂಚೆ ನಾನು ಮಂಡ್ಯದ ಸಣ್ಣ ಪತ್ರಿಕೆಯೊಂದರಲ್ಲಿ ಎರಡು ವರ್ಷ ಕರಡು ತಿದ್ದುತ್ತಿದ್ದೆ. ಅಚ್ಚಾದ ಅಕ್ಷರ ಕಂಡರೆ ಕೊನೆಯವರೆಗೆ ಓದದೆ ಬಿಡುವ ಅಭ್ಯಾಸ ನನಗಿರಲಿಲ್ಲ. ಒಂದು ದಿನ ಫ್ಲಾಸ್ಕಿನ ಹಿಂದೆ ಹಿಡಿದದ್ದು ಕ್ರಿಕೆಟ್ ಪುಟ. ರಸದ ಮೂಲಕ ಅರ್ಧ ಓದಿದೆ, ಅಕ್ಷರ ಮಬ್ಬಾಯಿತು, ಫ್ಲಾಸ್ಕನ್ನು ಪಕ್ಕಕ್ಕಿಟ್ಟು ಉಳಿದರ್ಧ ಓದಿದೆ. ತಲೆ ಎತ್ತಿದಾಗ ನಲವತ್ತು ನಿಮಿಷ ಕಳೆದಿತ್ತು. ಆ ಹೊತ್ತಿಗೆ ಹಾಕಿದ ಫೇಜ್ ಅಷ್ಟು ದಟ್ಟವಾದ ಬ್ಯಾಕ್ಟೀರಿಯಾವನ್ನು ಏನೂ ಮಾಡಲಾರದೆ ಹೋಯಿತು. ಸಂಜೆಗೂ ರಸ ಮಜ್ಜಿಗೆಯಂತೆಯೇ ಇತ್ತು.

ಶೇಷಾದ್ರಿಯವರು ಬೈಯಲಿಲ್ಲ. ರಿಜಿಸ್ಟರನ್ನು ನನ್ನ ಮುಂದೆ ಸರಿಸಿ, "ಬರಿಯಯ್ಯ ಪುಟ್ಟರಾಜು" ಎಂದರು.

"ಏನಂತ ಬರೀಲಿ ಸಾರ್?"

"ಆದದ್ದು. ಇಂತಿಷ್ಟು ಗಂಟೆಗೆ ಹಾಕಬೇಕಿತ್ತು, ಕ್ರಿಕೆಟ್ ಓದುತ್ತಿದ್ದೆ, ಹಾಕಲಿಲ್ಲ."

"ಕ್ರಿಕೆಟ್ ಅಂತಲೂ ಬರೀಬೇಕಾ?"

"ನಾಳೆ ಇದನ್ನು ಓದೋನು ಬ್ಯಾಕ್ಟೀರಿಯಾದಲ್ಲಿ ದೋಷ ಹುಡುಕಿಕೊಂಡು ಒಂದು ವರ್ಷ ಹಾಳು ಮಾಡ್ಕೋಬಾರದು. ದೋಷ ಎಲ್ಲಿತ್ತೋ ಅಲ್ಲೇ ಬರಿ."

ಬರೆದೆ. ಅವರ ನಿಯಮ ಇಷ್ಟು: ತಪ್ಪನ್ನು ಮಾಡಿದವನೇ ತನ್ನ ಕೈಯಿಂದ ಶಾಯಿಯಲ್ಲಿ ಬರೆಯಬೇಕು. ಮರೆತಿದ್ದರೆ ನೆನಪಾದ ದಿನದ ತಾರೀಖು ಹಾಕಿ ಬರೆಯಬೇಕು. ಹಿಂದಿನ ಪುಟಕ್ಕೆ ಹೋಗಿ ತುರುಕಬಾರದು. ಹೊಸಬರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಈ ನಿಯಮವನ್ನು ಪೂರ್ತಿ ಪಾಲಿಸಿದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಾಣಲಿಲ್ಲ.

ನಿಂಗಮ್ಮ ಚಿನಕುರಳಿಯವರು. ಗಾಜಿನ ಸಾಮಾನು ತೊಳೆದು, ಆಟೋಕ್ಲೇವಿಗೆ ಹಾಕಿ ಆವಿಯಲ್ಲಿ ಬೇಯಿಸುವುದು ಅವರ ಕೆಲಸ. ಆಟೋಕ್ಲೇವಿಗೆ ಅವರಿಟ್ಟ ಹೆಸರು ದೊಡ್ಡ ಕುಕ್ಕರು. ದಿನಗೂಲಿಯ ಮೇಲೆ ಸೇರಿ ಒಂಬತ್ತನೇ ವರ್ಷ ನಡೆಯುತ್ತಿತ್ತು. ಖಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರಿದೆ ಎಂದು ಪ್ರತಿ ವರ್ಷವೂ ಯಾರಾದರೂ ಹೇಳುತ್ತಿದ್ದರು. ಆ ಪಟ್ಟಿಯನ್ನು ಕಂಡವರು ಇರಲಿಲ್ಲ. ಓದು ಬರಹ ಅಷ್ಟಾಗಿ ಇಲ್ಲದಿದ್ದರೂ ಅವರಿಗೆ ಪತ್ರಿಕೆಯ ಅಗತ್ಯವಿರಲಿಲ್ಲ. ಒಂದು ಕಣ್ಣು ಹಾಯಿಸಿ, "ಇನ್ನೊಂದ್ ವಸಿ ಗಟ್ಟಿಯಾಗ್ಲಿ ಅಣ್ಣ" ಎಂದೋ, "ಈಗ ಆಕ್ಬುಡಿ, ತಡ ಮಾಡಿದ್ರೆ ಕೆಡ್ತದೆ" ಎಂದೋ ಹೇಳುತ್ತಿದ್ದರು. ರಾಗಿ ಅಂಬಲಿ ಕಾಯಿಸಿ ಬಂದ ಅಂದಾಜು. ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿಲ್ಲ.

ಫೇಜ್ ಎಲ್ಲಿಂದ ತರುತ್ತೀರಿ ಎಂದು ಹೊಸಬರು ಕೇಳುತ್ತಾರೆ. ಬ್ಯಾಕ್ಟೀರಿಯಾ ಎಲ್ಲಿದೆಯೋ ಅಲ್ಲೆಲ್ಲ ಅದನ್ನು ತಿನ್ನುವ ಫೇಜೂ ಇರುತ್ತದೆ. ಚರಂಡಿ, ಕೊಟ್ಟಿಗೆ, ಕೆರೆ, ಹೊಳೆ. ನಮ್ಮ ಔಷಧದ ಮೂಲಪುರುಷ ಸಿಕ್ಕಿದ್ದು ಶ್ರೀರಂಗಪಟ್ಟಣದ ಹತ್ತಿರ ಹೊಳೆಗೆ ಸೇರುವ ಒಂದು ಹಳ್ಳದ ನೀರಿನಲ್ಲಿ. ಹೊಸ ಫೇಜ್ ಹುಡುಕಿಕೊಂಡು ನಾನು ಶೀಷೆಗಳ ಚೀಲ ಹಿಡಿದು ನಾಗಮಂಗಲ, ಕೃಷ್ಣರಾಜಪೇಟೆಯ ಹಳ್ಳಿಗಳಿಗೂ ಹೋಗುತ್ತಿದ್ದೆ. ನಾಗಮಂಗಲದ ಕಡೆ ಒಬ್ಬರ ಕೊಟ್ಟಿಗೆಯಲ್ಲಿ ನಡೆದ ಮಾತು ಇದು.

"ಏನ್ ಸ್ವಾಮಿ, ಭೇದಿಯಾಗಿರೋ ಕರಿನ್ ಸಗಣಿನೇ ಬೇಕಾ?"

"ಹೌದು ಗೌಡ್ರೇ."

"ಗಟ್ಟಿ ಸಗಣಿ ಆದ್ರೆ ಬ್ಯಾಡ್ವಾ?"

"ಬೇಡ."

ಆತ ಹೆಂಡತಿಯ ಕಡೆ ತಿರುಗಿದರು. "ಲೇ, ಕೇಳ್ದಾ? ಓದಿರೋರು ಇಂಗೆ ಸೀಸೆ ಇಡ್ಕಂಡು ಬಂದವ್ರೆ. ನಮ್ಮ ಹೈದ ಫೇಲಾದ ಅಂತ ಅಳ್ತಿದ್ದೆಯಲ್ಲ, ಸುಮ್ನಿರು ಇನ್ಮೇಲೆ."

ಶೇಷಾದ್ರಿಯವರು ನಿವೃತ್ತರಾಗಿ ಮೇಲುಕೋಟೆಗೆ ಹೋದರು. ಅವರ ಜಾಗಕ್ಕೆ ಚಂದ್ರಶೇಖರಯ್ಯ ಎಂಬ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯರು; ಯಾರ ಮನೆಯ ಶುಭಕಾರ್ಯವನ್ನೂ ತಪ್ಪಿಸುತ್ತಿರಲಿಲ್ಲ. ಅವರು ಬಂದ ಮೂರನೇ ತಿಂಗಳಿಗೆ ಪತ್ರಿಕೆ ಹೋಗಿ ಕಲರಿಮೀಟರು ಬಂತು. ಬೆಳಕನ್ನು ರಸದ ಮೂಲಕ ಹಾಯಿಸಿ ಮಬ್ಬನ್ನು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆ. ಒಳ್ಳೆಯ ಯಂತ್ರವೇ. ಕಬ್ಬು ಅರೆಯುವ ಕಾಲದಲ್ಲಿ ವೋಲ್ಟೇಜು ಕುಣಿದರೆ ಅದರ ಮುಳ್ಳೂ ಜೊತೆಗೆ ಕುಣಿಯುತ್ತಿತ್ತು ಎನ್ನುವುದೊಂದು ಬಿಟ್ಟರೆ. ಆಮೇಲೆ ಅದೂ ಹೋಗಿ, ದಶಮಾಂಶ ಬಿಂದುವಿನ ನಂತರ ಮೂರು ಅಂಕಿ ತೋರಿಸುವ ಇನ್ನೊಂದು ಬಂತು. ಮೂರನೇ ಅಂಕಿ ನೊಣ ಕೂತರೂ ಬದಲಾಗುತ್ತಿತ್ತು. ಮ್ಯಾನೇಜರಿಗೆ ಅತ್ಯಂತ ಪ್ರಿಯವಾದದ್ದು ಅದೇ ಅಂಕಿ.

"ನೋಡಿ ಪುಟ್ಟರಾಜು, ಇದು ವಿಜ್ಞಾನ" ಎಂದರು.

ಹಿಂದೆ ನಿಂತಿದ್ದ ನಿಂಗಮ್ಮ ಫ್ಲಾಸ್ಕು ನೋಡಿ, "ಈಗ ಆಕ್ಬೌದು ಅಣ್ಣ" ಎಂದರು. ಯಂತ್ರ ಅದೇ ಮಾತನ್ನು ಎರಡು ನಿಮಿಷ ತಡವಾಗಿ ಹೇಳಿತು.

ಅಲ್ಲಿಯವರೆಗೆ ನಾವು ಫ್ಲಾಸ್ಕುಗಳಲ್ಲೇ ಫೇಜ್ ಬೆಳೆಸುತ್ತಿದ್ದೆವು. ಆಮೇಲೆ ಒಂದು ದೊಡ್ಡ ಉಕ್ಕಿನ ಪಾತ್ರೆ ಬಂತು, ಒಳಗೇ ಕಲಕುವ, ಬಿಸಿ ಕಾಯ್ದುಕೊಳ್ಳುವ ಫರ್ಮೆಂಟರು. ಅದರ ಉದ್ಘಾಟನೆಗೆ ಮೈಸೂರಿನಿಂದ ಅತಿಥಿಗಳು ಬರುವುದೆಂದೂ, ಅವರ ಕಣ್ಣೆದುರೇ ಮೊದಲ ಬ್ಯಾಚು ತೆಗೆಯಬೇಕೆಂದೂ ತೀರ್ಮಾನವಾಯಿತು. ಬ್ಯಾಕ್ಟೀರಿಯಾಗಳಿಗೆ ಅತಿಥಿಗಳ ಕಾರ್ಯಕ್ರಮಪಟ್ಟಿ ತಿಳಿಯುವುದಿಲ್ಲ ಎಂದೆ. ಮ್ಯಾನೇಜರು, "ಊಟ ಒಂದು ಗಂಟೆಗೆ ಇಟ್ಟಿದೀನಿ, ಅಷ್ಟರೊಳಗೆ ತಿಳಿಯಾಗಲಿ" ಎಂದರು.

ಬೆಳಿಗ್ಗೆ ಒಂಬತ್ತಕ್ಕೆ ಪೂಜೆ. ಮ್ಯಾನೇಜರು ತಾವೇ ಸ್ಕೂಟರಿನಲ್ಲಿ ಹೋಗಿ ಶ್ರೀರಂಗಪಟ್ಟಣದ ಸಂಗಮದಿಂದ ತಾಮ್ರದ ಚೊಂಬಿನಲ್ಲಿ ನೀರು ತಂದಿದ್ದರು. ಅರ್ಚಕರು ಮಂತ್ರ ಹೇಳಿ ಮಾವಿನೆಲೆಯಿಂದ ಪಾತ್ರೆಗೆ, ಪೈಪುಗಳಿಗೆ, ಕಲರಿಮೀಟರಿಗೆ, ನಮ್ಮ ತಲೆಗಳಿಗೆ ಪ್ರೋಕ್ಷಣೆ ಮಾಡಿದರು. ಪಾತ್ರೆಯನ್ನು ಹೊರಗಿನಿಂದ ಎಷ್ಟು ನೆನೆಸಿದರೂ ತೊಂದರೆ ಇರಲಿಲ್ಲ. ಒಳಗಿನ ರಸವನ್ನು ಆವಿಯಲ್ಲಿ ಶುದ್ಧ ಮಾಡಿ ಮುಚ್ಚಿಯಾಗಿತ್ತು. ಪೂಜೆ ಮುಗಿಯುತ್ತಿದ್ದಂತೆ ಮ್ಯಾನೇಜರ ಕಣ್ಣು ಮೇಜಿನ ಮೇಲಿದ್ದ ಬೀಜದ ಫ್ಲಾಸ್ಕಿನ ಮೇಲೆ ಬಿತ್ತು.

"ಇದೇ ಅಲ್ವೇನ್ರೀ ಮುಖ್ಯವಾದದ್ದು? ಬಿರಡೆ ತೆಗೀರಿ. ಒಳಗೂ ಎರಡು ಹನಿ ಬೀಳಲಿ."

"ಸಾರ್, ಇದನ್ನ ತೆಗೆಯೋ ಹಾಗಿಲ್ಲ."

"ಅತಿಥಿಗಳು ನೋಡ್ತಿದಾರೆ. ತೀರ್ಥದಿಂದ ಯಾರಿಗಾದ್ರೂ ಕೆಟ್ಟದ್ದಾಗಿದೆಯೇನ್ರೀ?"

ಅತಿಥಿಗಳು ನಿಜವಾಗಿಯೂ ನೋಡುತ್ತಿದ್ದರು. ನಾನು ಬಿರಡೆ ತೆಗೆದೆ. ಎರಡು ಹನಿ ಬಿತ್ತು. ಶೇಷಾದ್ರಿಯವರು ಎಣಿಸುತ್ತಿದ್ದರೆ ಹನ್ನೆರಡರವರೆಗೆ ಹೋಗುತ್ತಿತ್ತು. ಪೂಜೆಯ ಸಾಮಾನು ಎತ್ತಿಡುತ್ತಿದ್ದ ನಿಂಗಮ್ಮ ನನ್ನ ಮುಖ ನೋಡಿದರು.

ಒಂಬತ್ತೂ ನಲವತ್ತಕ್ಕೆ ಅದೇ ಬೀಜವನ್ನು ಪಾತ್ರೆಗೂ ಸಾಕ್ಷಿ ಫ್ಲಾಸ್ಕಿಗೂ ಹಾಕಿದೆ. ರಿಜಿಸ್ಟರಿನಲ್ಲಿ ಮೊದಲ ಸಾಲು ಬರೆದದ್ದೂ ಆಗಲೇ. ಪೂಜೆ ಬ್ಯಾಚಿನ ಭಾಗವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಿರಡೆಯ ವಿಷಯ ಬರೆಯಲಿಲ್ಲ.

ಹನ್ನೊಂದರವರೆಗೆ ಅಂಕಿಗಳು ಸರಿಯಾಗಿಯೇ ಏರಿದವು. ಹನ್ನೊಂದು ಕಾಲಿಗೆ ಪಾತ್ರೆಯ ಅಂಕಿ ಇಳಿದಿತ್ತು. ಇನ್ನೂ ಫೇಜ್ ಹಾಕಿರಲಿಲ್ಲ. ಎರಡು ಸಲ ಅಳೆದೆ. ವೋಲ್ಟೇಜು ನೋಡಿದೆ. ನಿಂಗಮ್ಮನವರನ್ನು ಕರೆದೆ.

"ತಿಳಿಯಾಯ್ತಾ ಅದೆ ಕಣಣ್ಣ" ಎಂದರು. "ಆಗ್ಲೇ ಆಕ್ಬುಟ್ರಾ?"

"ಇನ್ನೂ ಹಾಕಿಲ್ಲ."

"ಮತ್ತೆ ಅದ್ಯಾಕೆ ತಿಳಿಯಾಯ್ತದೆ?"

ಮ್ಯಾನೇಜರಿಗೆ ಹೇಳಿದೆ. ಅವರು, "ಹಾಕಿಬಿಡಿ, ಹಾಕಿಬಿಡಿ, ಎಲ್ಲ ಕಾಯ್ತಿದಾರೆ" ಎಂದರು. ಹನ್ನೊಂದೂ ಇಪ್ಪತ್ತಕ್ಕೆ ಫೇಜ್ ಹಾಕಿದೆ. ಹನ್ನೆರಡೂ ಹತ್ತಕ್ಕೆ ಪಾತ್ರೆಯ ಕಿಟಕಿಯ ಹಿಂದೆ ರಸ ನೀರಿನಂತೆ ಹೊಳೆಯುತ್ತಿತ್ತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಹೊಸ ಪಾತ್ರೆಯ ಮಹಿಮೆಯಿಂದ ಮಧ್ಯಾಹ್ನ ಮೂರರ ಕೆಲಸ ಊಟಕ್ಕೆ ಮುಂಚೆಯೇ ಮುಗಿದಿದೆ ಎಂದು ಮ್ಯಾನೇಜರು ಭಾಷಣ ಮಾಡಿದರು. ಆಗ ಮೂಲೆಯಲ್ಲಿ, ಯಾರೂ ನೋಡದಿದ್ದ ಸಾಕ್ಷಿ ಫ್ಲಾಸ್ಕೂ ತಿಳಿಯಾಗಿತ್ತು. ಅದನ್ನು ಬರೆದುಕೊಂಡೆ.

ಫೇಜನ್ನು ಎಣಿಸಲು ಅದನ್ನು ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಬಿಡುತ್ತಾರೆ. ಮಾರನೆಯ ದಿನ ಬ್ಯಾಕ್ಟೀರಿಯಾದ ಬಿಳಿ ಹಾಸಿನ ಮೇಲೆ ಫೇಜ್ ತಿಂದ ಕಡೆಯೆಲ್ಲ ತೂತು ಕಾಣುತ್ತದೆ. ನಮ್ಮ ಫೇಜಿನ ತೂತು ಸಾಸಿವೆಯಷ್ಟು ಸಣ್ಣದು. ಆ ಬ್ಯಾಚಿನ ತೂತುಗಳು ಉದ್ದಿನ ಬೇಳೆಯಷ್ಟಿದ್ದವು, ಸುತ್ತ ಮಸುಕಾದ ಬಳೆ. ತಟ್ಟೆಯನ್ನು ಮ್ಯಾನೇಜರ ಮೇಜಿಗೆ ಒಯ್ದೆ.

"ಇದು ನಮ್ಮ ಫೇಜ್ ಅಲ್ಲ ಸಾರ್. ಬೇರೆ ಯಾವುದೋ ಮೊದಲೇ ಸೇರಿಕೊಂಡಿದೆ."

ಅವರು ತಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದರು. "ತೂತು ದೊಡ್ಡದಾಗಿದೆ. ಒಳ್ಳೇದೇ ಅಲ್ವೇನ್ರೀ?"

ಬ್ಯಾಚು ಹೊರಟಿತು. ಕೃಷ್ಣರಾಜಪೇಟೆಯ ಕಡೆಯ ಹಳ್ಳಿಗಳಿಗೆ ಹಂಚಿಕೆಯಾಯಿತು. ಹೊಕ್ಕಿದ್ದ ಕಾಡು ಫೇಜ್ ನಾವು ಸಾಕಿದ ಸಾಧು ತಳಿಯನ್ನಷ್ಟೇ ತಿನ್ನುತ್ತಿತ್ತು. ಕರುವಿನ ಹೊಟ್ಟೆಯ ರೋಗದ ತಳಿಯನ್ನು ಮುಟ್ಟುತ್ತಿರಲಿಲ್ಲ. ಹತ್ತು ದಿನದಲ್ಲಿ ಒಬ್ಬ ರೈತರು ಖಾಲಿ ಬಾಟಲಿ ಹಿಡಿದು ಬಸ್ಸಿನಲ್ಲಿ ಬಂದರು.

"ಯಾರ್ ಸ್ವಾಮಿ ಇದ ಮಾಡಿದ್ದು? ಮೂರು ದಿನ ಕುಡಿಸ್ದೆ. ಕರ ನಿಮ್ಮ ಔಷಧಿನೂ ಸೇರಿಸ್ಕಂಡು ಉಚ್ಕತ್ತಾ ಅದೆ. ಕೊನೀಗೆ ನಮ್ಮವ್ವ ದಾಳಿಂಬೆ ಸಿಪ್ಪೆ ಕಷಾಯ ಕುಡಿಸಿದ್ಮ್ಯಾಲೆ ನಿಂತ್ಕತ್ತು. ನಿಮ್ಮ ಮಿಸೀನಿನ ಪಕ್ಕ ನಮ್ಮವ್ವನ್ನ ಕುಂಡ್ರುಸ್ಕಳಿ."

ಇಂಥ ದೂರು ನಾಲ್ಕು ಆದ ಮೇಲೆ ಮೇಲಿನಿಂದ ವಿಚಾರಣಾ ಸಮಿತಿ ಬಂತು. ಮೂವರು. ಮೊದಲ ದಿನ ನನ್ನ ರಿಜಿಸ್ಟರು ನೋಡಿ ಬಹಳ ಮೆಚ್ಚಿಕೊಂಡರು. ಕಾಲು ಗಂಟೆಗೊಂದು ಅಂಕಿ, ಒಂದೂ ತಿದ್ದಿಲ್ಲ. ಪಾತ್ರೆ ಇಳಿದದ್ದು ಫೇಜ್ ಹಾಕುವ ಮುಂಚೆ; ಸಾಕ್ಷಿ ಫ್ಲಾಸ್ಕೂ ತಿಳಿಯಾಗಿದೆ. ಹೀಗಾಗಿ ಸೋಂಕು ಬಂದದ್ದು ಬೀಜದಿಂದ. ಬೀಜ ಇದ್ದದ್ದು ಫ್ಲಾಸ್ಕಿನಲ್ಲಿ. ಫ್ಲಾಸ್ಕು ತೊಳೆದು ಬೇಯಿಸಿದವರು ಯಾರು? ಪ್ರತಿ ಹೆಜ್ಜೆಯೂ ನನ್ನ ಅಂಕಿಯ ಮೇಲೆಯೇ ನಿಂತಿತ್ತು, ಯಾವುದೂ ತಪ್ಪಾಗಿರಲಿಲ್ಲ. ಮೂರನೆಯ ದಿನ ನಿಂಗಮ್ಮನವರಿಗೆ ನೋಟೀಸು ಬಂತು: ನಿರ್ಲಕ್ಷ್ಯದ ಕಾರಣ ಕೆಲಸದಿಂದ ಏಕೆ ತೆಗೆಯಬಾರದು, ಏಳು ದಿನದೊಳಗೆ ಉತ್ತರಿಸಿ. ಖಾಯಂ ಪಟ್ಟಿಯಲ್ಲಿ ಅವರ ಹೆಸರು ನಿಜವಾಗಿಯೂ ಇತ್ತೆಂದು ತಿಳಿದದ್ದು ಆ ನೋಟೀಸಿನಿಂದ. ಇತ್ಯರ್ಥವಾಗುವವರೆಗೆ ಅದನ್ನು ತಡೆಹಿಡಿಯಲಾಗಿದೆ ಎಂದು ಬರೆದಿದ್ದರು.

ನಾನೇ ಅದನ್ನು ಅವರಿಗೆ ಓದಿ ಹೇಳಿದೆ. ಅವರು ಕೈ ಒರೆಸಿಕೊಂಡು ಕೇಳಿದರು.

"ನಾನ್ ಸರ್ಯಾಗಿ ತೊಳೀನಿಲ್ಲ ಅಂತ್ಲೇ ಇಟ್ಕಳಿ ಅಣ್ಣ. ಆಮ್ಯಾಕೆ ಕುಕ್ಕರ್ನಾಗೆ ಬೇಯ್ಸಿವ್ನಲ್ಲ. ಅದ್ರಾಗೂ ಬದುಕ್ಕಂಡಿರ್ತದಾ ಅದು?"

"ಇರಲ್ಲ."

"ಇನ್ನೆಲ್ಲಿಂದ ಬತ್ತು?"

ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತಿತ್ತು. ಅವರು ನನ್ನ ಬಾಯಿಂದ ಕೇಳಲು ಕಾಯುತ್ತಿದ್ದರು. ಮ್ಯಾನೇಜರನ್ನು ಮಾತಾಡಿಸಿ ಬರುತ್ತೇನೆಂದು ಎದ್ದೆ.

ಮ್ಯಾನೇಜರು ಬಾಗಿಲು ಮುಚ್ಚಿಸಿದರು. "ಪೂಜೆ ಬ್ಯಾಚಿನ ಭಾಗ ಅಲ್ಲ ಅಂತ ತೀರ್ಮಾನ ಮಾಡಿದ್ದು ನೀವು. ಈಗ ಬರೆದ್ರೆ ಬಿರಡೆ ತೆಗೆದ ಕೈ ಯಾರದು ಅಂತ ಕೇಳ್ತಾರೆ. ನಂದಲ್ಲ. ಯೋಚನೆ ಮಾಡಿ."

ಮೂರು ದಿನ ಯೋಚನೆ ಮಾಡಿದೆ. ಅಂದರೆ ಮೂರು ದಿನ ಸುಮ್ಮನಿದ್ದೆ. ಯಾರ್ಯಾರನ್ನೋ ಕುರಿತು ಏನೇನೋ ಬರೆದಿರುವ ಈ ಕಥನದಲ್ಲಿ ಅದೂ ಇರಲಿ.

ನಾಲ್ಕನೆಯ ಬೆಳಿಗ್ಗೆ ನಿಂಗಮ್ಮ ಸೆರಗಿನಡಿಯಿಂದ ಒಂದು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ನಮ್ಮದೇ ಲ್ಯಾಬಿನ ಬಾಟಲಿ, ಅರ್ಧ ನೀರಿತ್ತು.

"ಇದೇನು?"

"ಅವತ್ತಿನ ತೀರ್ಥ. ಚೊಂಬಿನಾಗೆ ಮಿಕ್ಕಿತ್ತು. ಚೆಲ್ಲಬಾರ್ದು ಅಂತ ಮನೆಗೆ ತಕಂಡೋಗಿ ದೇವ್ರ ಗೂಡಲ್ಲಿ ಮಡಗಿದ್ದೆ. ಬಾಟ್ಲಿ ನಾನೇ ಬೇಯ್ಸಿದ್ದು, ಬಾಯಿ ತೆಗೆದಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವ್ ಹೇಳ್ತೀರಾ ಅಂತಿದ್ದೆ."

ಬಾಟಲಿ ಎತ್ತಿಕೊಂಡು ಒಳಗೆ ಹೋದೆ. ನಮ್ಮ ಸಾಧು ತಳಿ ಹರಡಿದ ತಟ್ಟೆಯ ಹಿಂಬದಿಯಲ್ಲಿ ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಭಾಗ ಮಾಡಿದೆ. ಒಂದರಲ್ಲಿ ಕುದಿಸಿದ ನೀರು, ಒಂದರಲ್ಲಿ ನಮ್ಮ ಫೇಜ್, ಒಂದರಲ್ಲಿ ಆ ಬ್ಯಾಚಿನ ಔಷಧ, ಕೊನೆಯದರಲ್ಲಿ ಸೋಸಿದ ತೀರ್ಥ. ತಟ್ಟೆಯನ್ನು ಬೆಚ್ಚಗಿಟ್ಟು ಅಂದೇ ಬಸ್ಸು ಹಿಡಿದು ಮೇಲುಕೋಟೆಗೆ ಹೋದೆ. ಶೇಷಾದ್ರಿಯವರು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದರು.

"ಹೊಳೆಯಲ್ಲಿ ಇರೋದು ಹೊಳೆಯಲ್ಲಿದ್ದರೆ ತೀರ್ಥ, ಫ್ಲಾಸ್ಕಿಗೆ ಬಂದರೆ ಕಸ. ಇದು ನಿನಗೆ ಗೊತ್ತಿತ್ತು. ನಿಂಗಮ್ಮನಿಗೂ ಗೊತ್ತು" ಎಂದರು. "ಬಿರಡೆ ತೆಗೆದದ್ದನ್ನು ಬರೆದೆಯಾ?"

"ಇಲ್ಲ ಸಾರ್."

"ಕ್ರಿಕೆಟ್ ಬರೆದಿದ್ದೆಯಲ್ಲಯ್ಯ" ಎಂದರು. ಅಷ್ಟೇ. ಅವರ ಮನೆಯಲ್ಲಿ ಪುಳಿಯೋಗರೆ ಕೊಟ್ಟರು, ತಿಂದು ಬಂದೆ.

ಮಾರನೆಯ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದೆವು. ಕುದಿಸಿದ ನೀರಿನ ಭಾಗ ಹಾಗೇ ಬೆಳ್ಳಗಿತ್ತು. ನಮ್ಮ ಫೇಜಿನ ಭಾಗದಲ್ಲಿ ಸಾಸಿವೆ ತೂತು. ಉಳಿದೆರಡು ಭಾಗದಲ್ಲೂ ಉದ್ದಿನ ಬೇಳೆ, ಸುತ್ತ ಅದೇ ಮಸುಕು ಬಳೆ.

ನಿಂಗಮ್ಮ ಬೆರಳಿಟ್ಟು ತೋರಿಸಿದರು. "ಇವೆಲ್ಡೂ ಒಂದೇ ಮನೆವು. ಅದೇ ಕಣ್ಣು, ಅದೇ ಮೂಗು."

ರಿಜಿಸ್ಟರು ತೆಗೆದೆ. ಬರೆಯುತ್ತಿದ್ದ ದಿನದ ತಾರೀಖು ಹಾಕಿ, ನಡೆದದ್ದು ಉದ್ಘಾಟನೆಯ ದಿನ ಎಂದು ತಿಳಿಸಿ ಬರೆದೆ: 'ಬೆಳಿಗ್ಗೆ 9.25. ಬೀಜದ ಫ್ಲಾಸ್ಕಿನ ಬಿರಡೆಯನ್ನು ಮ್ಯಾನೇಜರ ಸೂಚನೆಯಂತೆ ನಾನು ತೆಗೆದೆ. ಹೊಳೆಯ ನೀರು ಎರಡು ಹನಿ ಒಳಗೆ ಬಿತ್ತು. ಇದನ್ನು ಅಂದೇ ಬರೆಯಬೇಕಿತ್ತು, ಬರೆಯಲಿಲ್ಲ. ನಿಂಗಮ್ಮನವರಿಗೆ ನೋಟೀಸು ಬಂದ ಮೇಲೂ ನಾಲ್ಕು ದಿನ ಬರೆಯಲಿಲ್ಲ.' ಸಹಿ ಹಾಕಿ, ರಿಜಿಸ್ಟರನ್ನೂ ತಟ್ಟೆಯನ್ನೂ ಸಮಿತಿಯ ಮುಂದಿಟ್ಟೆ.

ಅಧ್ಯಕ್ಷರು ಓದಿ, ತಟ್ಟೆ ನೋಡಿ, ಬಹಳ ಹೊತ್ತು ಕನ್ನಡಕ ಒರೆಸಿದರು. "ಇದನ್ನ ವರದಿಯಲ್ಲಿ ಹೇಗ್ರೀ ಬರೆಯೋದು? ತೀರ್ಥದಿಂದ ಔಷಧ ಕೆಟ್ಟಿತು ಅಂತ ನನ್ನ ಸಹಿ ಇರಬೇಕಾ?"

"ಹೊಳೆಯ ನೀರು ಅಂತ ಬರೀಬಹುದು ಸಾರ್."

"ಹೊಳೆ ಅಂದರೆ ಕಾವೇರಿ. ಅದು ಇನ್ನೂ ಕಷ್ಟ."

ನಿಂಗಮ್ಮನವರನ್ನು ಕರೆಸಿದರು. ಅವರು ಬಾಗಿಲಲ್ಲಿ ನಿಂತೇ ಹೇಳಿದರು: "ತೀರ್ಥದ್ ತಪ್ಪು ಅಂತ ನಾನೂ ಅನ್ನಕಿಲ್ಲ ಸ್ವಾಮಿ. ನಾನೇ ದೇವ್ರ ಮುಂದೆ ಮಡಗಿದ್ದೋಳು. ನಂದೂ ತಪ್ಪಿಲ್ಲ ಅಂತ ಬರ್ದುಬುಡಿ, ಸಾಕು."

ವರದಿ ಎರಡು ತಿಂಗಳ ಮೇಲೆ ಬಂತು. ಬ್ಯಾಚು ಕೆಡಲು ಋತುಮಾನದ ತೇವಾಂಶವೂ ಕೆಲವು ಅನಿವಾರ್ಯ ಸನ್ನಿವೇಶಗಳೂ ಕಾರಣವೆಂದು ಹೇಳಿತ್ತು. ಗಾಜಿನ ಸಾಮಾನಿನ ವಿಭಾಗದಲ್ಲಿ ಲೋಪ ಕಂಡುಬಂದಿಲ್ಲ ಎಂಬ ಸಾಲು ಒಂಬತ್ತನೇ ಪುಟದಲ್ಲಿತ್ತು. ನಿಂಗಮ್ಮನವರಿಗೆ ಬೇಕಿದ್ದದ್ದು ಅದೊಂದೇ. ನೋಟೀಸು ರದ್ದಾಗಿ ಅವರು ಖಾಯಂ ಆದರು. ದಾಖಲೆಯಲ್ಲಿ ವಿಳಂಬ ಮಾಡಿದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಬಂತು, ಅದು ನ್ಯಾಯವೇ. ಜೊತೆಗೆ ಒಂದೂವರೆ ವರ್ಷ ಕೃಷ್ಣರಾಜಪೇಟೆಯಲ್ಲಿ ಸಗಣಿಯ ಮಾದರಿ ಸಂಗ್ರಹಿಸುವ ಕೆಲಸಕ್ಕೆ ಹಾಕಿದರು. ಬಾಟಲಿ ಹಿಡಿದು ಬಂದಿದ್ದ ಆ ರೈತರ ಮನೆಗೂ ಹೋದೆ. ಅವರ ತಾಯಿ ದಾಳಿಂಬೆ ಸಿಪ್ಪೆಯ ಪ್ರಮಾಣ ಹೇಳಿಕೊಟ್ಟರು, ಬರೆದುಕೊಂಡೆ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಸನ್ನಿವೇಶಗಳು ಅನಿವಾರ್ಯವಾಗಿದ್ದವಲ್ಲ.

ಆದರೆ ವರದಿಯ ಕೊನೆಯ ಪುಟದಲ್ಲಿ ಸಮಿತಿ ಒಂದು ಶಿಫಾರಸು ಮಾಡಿತ್ತು. ಅದೇ ಆಮೇಲೆ ಸುತ್ತೋಲೆಯಾಗಿ ಗೋಡೆಗೆ ಹತ್ತಿತು: 'ಘಟಕದ ಒಳಗೆ ಯಾವುದೇ ಉದ್ದೇಶಕ್ಕೆ ತರುವ ನೀರನ್ನು ಆಟೋಕ್ಲೇವಿನಲ್ಲಿ ಸಂಸ್ಕರಿಸಿದ ನಂತರವೇ ಬಳಸತಕ್ಕದ್ದು.' ತೀರ್ಥ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಆಟೋಕ್ಲೇವಿನ ಜವಾಬ್ದಾರಿ ಖಾಯಂ ನೌಕರರಾದ ನಿಂಗಮ್ಮನವರದು.

ನಾನು ಕೃಷ್ಣರಾಜಪೇಟೆಯಿಂದ ಮರಳಿದ ವರ್ಷದ ಆಯುಧಪೂಜೆಗೆ ಮ್ಯಾನೇಜರು ಎಂದಿನಂತೆ ಸಂಗಮದಿಂದ ಚೊಂಬು ತುಂಬಿಸಿ ತಂದರು. ನಿಂಗಮ್ಮ ಬಾಗಿಲಲ್ಲೇ ಅದನ್ನು ಇಸಕೊಂಡು ದೊಡ್ಡ ಕುಕ್ಕರಿಗೆ ಇಟ್ಟು, ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತರು. ರಾಹುಕಾಲ ಹತ್ತಿರ ಬರುತ್ತಿತ್ತು. ಅರ್ಚಕರು ಎರಡು ಸಲ ಕೇಳಿ ಕಳಿಸಿದರು, ಮ್ಯಾನೇಜರು ಒಮ್ಮೆ ತಾವೇ ಬಂದು ನೋಡಿದರು. "ಇನ್ನೂ ಏಳು ನಿಮಿಷ ಅದೆ ಸಾರ್" ಎಂದು ನಿಂಗಮ್ಮ ಹೇಳಿದರೇ ಹೊರತು ಮುಚ್ಚಳಕ್ಕೆ ಕೈ ಹಾಕಲಿಲ್ಲ. ಏಳು ನಿಮಿಷ ಎಲ್ಲರೂ ಕಾದರು, ಮ್ಯಾನೇಜರೂ ಕಾದರು.

ಪೂಜೆಯಾಯಿತು. ಅರ್ಚಕರು ಬೆರಳು ಸುಟ್ಟುಕೊಂಡು ಪ್ರೋಕ್ಷಣೆ ಮಾಡಿದರು. ತೀರ್ಥ ಕೊಡುವ ಉದ್ಧರಣೆ ನಿಂಗಮ್ಮನವರ ಕೈಗೆ ಬಂದಿತ್ತು. ನನ್ನ ಅಂಗೈಗೆ ಹಾಕಿ ಅವರು ಹೇಳಿದರು:

"ಊದ್ಕಂಡು ಕುಡೀರಿ ಅಣ್ಣ, ಬಿಸಿ ಅದೆ."

ಊದಿಕೊಂಡು ಕುಡಿದೆ. ಆಮೇಲೆ ಹೋಗಿ ರಿಜಿಸ್ಟರು ತೆರೆದು ಅಂದಿನ ಮೊದಲ ಸಾಲು ಬರೆದೆ: 'ಬೆಳಿಗ್ಗೆ 9.50. ಪೂಜೆ ನಡೆಯಿತು. ಬಿರಡೆ ತೆಗೆಯಲಿಲ್ಲ.'